ನಕಲು ತಪ್ಪಲ್ಲ, ಹೆಸರು ಮರೆಸುವುದು ತಪ್ಪು

ಜಪಾನಿನ ಹೊಕುಸಾಯಿ ಸುಮಾರು 1831ರಲ್ಲಿ ರಚಿಸಿದ ‘ಹೆದ್ದೆರೆ’ಯ ಚಿತ್ರವನ್ನು ಕೈಯಿಂದ ಬರೆದು ಮಾರುವವರು ಇಂದು ಅನೇಕರು. ಮೂಲವಾದರೋ ಮರದಚ್ಚಿನ ಮುದ್ರಣ. ಚಿತ್ರ ಬರೆದವನೊಬ್ಬ, ಹಲಗೆ ಕೆತ್ತಿದವನೊಬ್ಬ, ಬಣ್ಣ ಹಚ್ಚಿ ಕಾಗದಕ್ಕೆ ಒತ್ತಿದವನು ಮತ್ತೊಬ್ಬ. ಕುಂಚದ ನಕಲಿನಲ್ಲಿ ಕೊನೆಯ ಇಬ್ಬರ ಕೈಚಳಕ ಕಾಣಸಿಗದು.

ಹಾಗೆಂದು ನಕಲನ್ನು ನಾವು ಹಳಿಯುವುದಿಲ್ಲ. 1887ರಲ್ಲಿ ವ್ಯಾನ್ ಗೋ ಕೂಡ ಹಿರೋಶಿಗೆಯ ಮುದ್ರಣಗಳನ್ನು ತೈಲವರ್ಣದಲ್ಲಿ ನಕಲು ಮಾಡಿದ್ದುಂಟು. ಆದರೆ ಮಾರುವವರು ನಕಲನ್ನು ನಕಲೆಂದೇ ಹೇಳಬೇಕು. ಕೊಳ್ಳುವವರು ಕೇಳಿ ತಿಳಿಯಬೇಕು.

ನಮ್ಮ ಅಡೂರಿನ ಮಕ್ಕಳೂ ಆ ತೆರೆಯನ್ನು ಬರೆದು ಕೈ ಪಳಗಿಸಲಿ. ಅಡಿಯಲ್ಲಿ ಹೊಕುಸಾಯಿಯ ಹೆಸರನ್ನೂ ತಮ್ಮ ಹೆಸರನ್ನೂ ಕನ್ನಡದಲ್ಲೇ ಬರೆಯಲಿ. ಬಳಿಕ ಮಳೆಗಾಲದ ಪಯಸ್ವಿನಿಯನ್ನು ಕಂಡಂತೆ ಬರೆಯಲಿ. ಅದರ ಮೂಲ ನಮ್ಮಲ್ಲೇ ಇದೆ.