ಆಟ ನಡೆಸುವಾಕೆಯ ಕೈ

ಕಳೆದ ಬೇಸಗೆಯ ರಜೆಯಲ್ಲಿ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಲ್ಲಿ, ಬಂಧುಗಳ ಮನೆಯ ಪಡಸಾಲೆಯಲ್ಲಿ, ಆರು ಮಂದಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ನಾವು ಒಂದು ಆಟವನ್ನು ನಡೆಸಿದೆವು. ಅದನ್ನು ಚೆನ್ನಾಗಿ ನಡೆಸಲಿಲ್ಲ. ಶಾಲೆಯ ಸ್ಮರಣಸಂಚಿಕೆಗೆ ಪೂರ್ವವಿದ್ಯಾರ್ಥಿನಿಯರು ಸಾಮಾನ್ಯವಾಗಿ ತಮ್ಮ ಯಶಸ್ಸುಗಳನ್ನೇ ಬರೆದು ಕಳುಹಿಸುವ ವಾಡಿಕೆಯುಂಟು. ಆದರೂ ಈ ಸೋಲಿನಿಂದ ನಮಗೆ ಹುಟ್ಟಿದ ಅಭಿಪ್ರಾಯವೊಂದನ್ನು ಸೋದರಿಯರ ಮುಂದೆಯೂ ಅವರ ಹೆಣ್ಣುಮಕ್ಕಳ ತಂದೆತಾಯಿಗಳ ಮುಂದೆಯೂ ಇಡುವುದು ಉಚಿತವೆಂದು ತೋರಿತು.

ಆಟವು ಇಂತಹುದು. ಇಂಗ್ಲಿಷಿನಲ್ಲಿ ರೋಲ್‌ಪ್ಲೇಯಿಂಗ್ ಎಂದು ಕರೆಯುವ ಇದನ್ನು ನಾವು ಪಾತ್ರದಾಟವೆನ್ನೋಣ. ಆಡುವವರು ಸುತ್ತಲೂ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುವರು. ನಡೆಸುವಾಕೆಯು ಸಂದರ್ಭವನ್ನು ವರ್ಣಿಸಿ, ‘ಈಗ ನೀನೇನು ಮಾಡುವೆ?’ ಎಂದು ಕೇಳುವಳು. ಆಡುವವಳು ಹೇಳಿದುದು ನಡೆಯಿತೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳವನ್ನು ಹಾಕಿ ತೀರ್ಮಾನಿಸುವರು. ವೇಷವಿಲ್ಲ, ರಂಗವಿಲ್ಲ, ಬಾಯಿಪಾಠ ಮಾಡಿದ ಮಾತೂ ಇಲ್ಲ.

ನಾವು ಕಟ್ಟಿದ ಕಥೆ ಕೆರೆಯದು. ಮಳೆ ತಪ್ಪಿದ ವರುಷ. ಕೆರೆಯಲ್ಲಿ ಎಲ್ಲರ ಪೈರಿಗೂ ಸಾಲದಷ್ಟು ನೀರು. ನೀರುಗಂಟಿ ಒಬ್ಬಳು, ಏರಿಯ ಕೆಳಗೇ ಗದ್ದೆಯುಳ್ಳ ಸಿರಿವಂತೆ ಒಬ್ಬಳು, ಕಾಲುವೆಯ ಕೊನೆಯಲ್ಲಿ ತುಂಡುನೆಲವನ್ನು ನೆಚ್ಚಿಕೊಂಡ ವಿಧವೆ ಒಬ್ಬಳು, ಹಿಪ್ಪುನೇರಳೆಯ ತೋಟವಿಟ್ಟು ರೇಷ್ಮೆಹುಳು ಸಾಕುವವಳು, ಕುರಿ ಮೇಯಿಸುವವಳು, ಕೆರೆಯ ಮಣ್ಣಿನಿಂದ ಮಡಕೆ ಮಾಡುವವಳು ಹೀಗೆ ಉಳಿದವರು. ನಮ್ಮ ಮನಸ್ಸಿನಲ್ಲಿ ಕಥೆಯ ದಾರಿ ಆಗಲೇ ಸಿದ್ಧವಾಗಿತ್ತು. ನೀರುಗಂಟಿಯು ಸಿರಿವಂತೆಯ ಮಾತಿಗೆ ಮರುಳಾಗಿ ರಾತ್ರಿ ತೂಬನ್ನು ತೆರೆಯಬೇಕು. ಬೆಳಗಾದ ಮೇಲೆ ಊರು ಕೂಡಿ ವಿಚಾರಣೆ ನಡೆಯಬೇಕು. ವಿಚಾರಣೆಯ ಭಾಗವನ್ನು ಎರಡು ಪುಟ ಬರೆದೂ ಇಟ್ಟುಕೊಂಡಿದ್ದೆವು.

ನೀರುಗಂಟಿಯಾಗಿದ್ದ ಹುಡುಗಿಯು ಒಂಬತ್ತನೆಯ ತರಗತಿಯವಳು; ಹೆಚ್ಚು ಮಾತನಾಡುವವಳಲ್ಲ. ಸಿರಿವಂತೆಯು ಆಸೆ ತೋರಿಸಿದಾಗ ಅವಳು ಸ್ವಲ್ಪ ಯೋಚಿಸಿ, ‘ನಾನು ಆ ವಿಧವೆಯನ್ನು ಕರೆದುಕೊಂಡು ಹೋಗಿ ರಾತ್ರಿಯೆಲ್ಲಾ ಏರಿಯ ಮೇಲೆ ಕುಳಿತಿರುತ್ತೇನೆ’ ಎಂದಳು. ನಮ್ಮ ಎರಡು ಪುಟಗಳು ವ್ಯರ್ಥವಾಗುವ ಹಾಗಾಯಿತು. ನಾವು ದಾಳವನ್ನೂ ಮುಟ್ಟದೆ, ‘ನಿಮ್ಮಿಬ್ಬರಿಗೂ ನಿದ್ದೆ ಬಂದುಬಿಟ್ಟಿತು; ಎಚ್ಚರವಾಗುವಷ್ಟರಲ್ಲಿ ತೂಬು ತೆರೆದಿತ್ತು’ ಎಂದೆವು. ಆಕೆ ನಮ್ಮ ಮುಖವನ್ನು ನೋಡಿ, ‘ಅಕ್ಕಾ, ಏನಾಗಬೇಕೆಂದು ನೀವು ಮೊದಲೇ ಬರೆದುಕೊಂಡಿದ್ದರೆ ನಮ್ಮನ್ನು ಕೇಳಿದ್ದೇಕೆ?’ ಎಂದಳು. ಅನಂತರ ಆಟವೇನೋ ಮುಂದುವರಿಯಿತು. ಆದರೆ ಆ ಸಾಯಂಕಾಲವೆಲ್ಲಾ ಅವಳು ‘ನೀವು ಹೇಳಿದ ಹಾಗೆ’ ಎಂಬುದನ್ನು ಬಿಟ್ಟು ಬೇರೊಂದು ಮಾತನ್ನಾಡಲಿಲ್ಲ.

ಆಟವನ್ನು ನಡೆಸುವವರಿಗೆ ಇದಕ್ಕಿಂತ ದೊಡ್ಡ ದೋಷವಿಲ್ಲವೆಂದು ನಾವು ಈಗ ನಂಬುತ್ತೇವೆ. ಈ ಆಟದ ಹುಟ್ಟನ್ನು ವಿಚಾರಿಸಿದರೂ ಇದೇ ಸಂಗತಿ ಕಾಣುತ್ತದೆ. ಪ್ರಷ್ಯಾದ ಸೇನಾಧಿಕಾರಿಗಳು 1824ರಿಂದಲೂ ರೈಸ್ವಿಟ್ಸ್ ಎಂಬವನು ಸಿದ್ಧಪಡಿಸಿದ ನಿಯಮಗಳಂತೆ ನಕ್ಷೆಯ ಮೇಲೆ ಯುದ್ಧದಾಟವನ್ನು ಆಡುತ್ತಿದ್ದರು. ಅದರಲ್ಲಿ ತೀರ್ಪು ಹೇಳಲು ಮಧ್ಯಸ್ಥನೊಬ್ಬನಿರುತ್ತಿದ್ದನು. ಬಹುಕಾಲದ ಮೇಲೆ, 1969ರಲ್ಲಿ, ಅಮೆರಿಕಾದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬ ತರುಣನು ಅಂತಹುದೇ ಯುದ್ಧದಾಟಕ್ಕೆ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಪಟ್ಟಣವೊಂದನ್ನು ರಚಿಸಿ, ಸೇನಾಪತಿಗಳಿಗಲ್ಲದೆ ಆ ಊರಿನ ನಗರಾಧ್ಯಕ್ಷ, ಸಾಹುಕಾರ ಮೊದಲಾದವರಿಗೂ ಆಟಗಾರರನ್ನು ನೇಮಿಸಿದನು. ಯುದ್ಧ ಆರಂಭವಾಗುವುದಕ್ಕೆ ಮುಂಚೆಯೇ ಅವರು ಇಬ್ಬಿಬ್ಬರಾಗಿ ಮೂಲೆ ಸೇರಿ ತಮ್ಮತಮ್ಮಲ್ಲೇ ಒಳಸಂಚು ಹೂಡತೊಡಗಿದರು. ಎಲ್ಲವೂ ಕೈಮೀರಿತೆಂದು ವೆಸ್ಲಿ ತಿಳಿದನು. ಆಡಿದವರಾದರೋ ಇನ್ನೊಮ್ಮೆ ಆಡಿಸೆಂದು ದುಂಬಾಲು ಬಿದ್ದರು! ಅವರಲ್ಲೊಬ್ಬನಾದ ಡೇವ್ ಆರ್ನೆಸನ್ನನು 1971ರಲ್ಲಿ ಬ್ಲ್ಯಾಕ್‌ಮೂರ್ ಎಂಬ ತನ್ನದೇ ಕಲ್ಪಿತನಾಡಿನ ಆಟವನ್ನು ಆರಂಭಿಸಿದನು. ಅವನೂ ಗ್ಯಾರಿ ಗೈಗ್ಯಾಕ್ಸನೂ ಕೂಡಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದನ್ನು ಪ್ರಕಟಿಸಿದರು. ಮೊದಲು ಅಚ್ಚಾದುದು ಸಾವಿರ ಪ್ರತಿಗಳು ಮಾತ್ರ. ಲೋಕಪ್ರಸಿದ್ಧವಾದ ಈ ಆಟಜಾತಿಯು, ನಡೆಸುವವನ ಕೈಮೀರಿದ ಆ ಒಂದು ದಿನದಿಂದ ಬೆಳೆದು ಬಂತೆಂಬುದು ನಮಗೆ ಬಹಳ ಹಿಡಿಸಿತು.

ಆದರೆ ಇದೆಲ್ಲಾ ಪರದೇಶದ ವಿಚಾರವೆಂದು ವಾಚಕರು ದೂರ ಸರಿಸಬಾರದು. ಕನ್ನಡನಾಡಿನ ಕರಾವಳಿಯಲ್ಲೂ ಕಾಸರಗೋಡಿನಲ್ಲೂ ತಾಳಮದ್ದಳೆಯನ್ನು ಕೇಳಿದವರಿಗೆ ಇದು ಹತ್ತಿರದ ನೆಂಟಸ್ತಿಕೆಯೆಂದು ಒಡನೆ ತಿಳಿಯುವುದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರೆದುರಾಗಿ ಕುಳಿತಿರುವರು. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದೊಡನೆ, ಪಾತ್ರವಹಿಸಿದವರು ಅದರ ಅರ್ಥವನ್ನು ಆಗಲೇ ಹೊಳೆದ ಮಾತುಗಳಲ್ಲಿ ಬೆಳೆಸುವರು. ಎದುರಾಳಿಯು ಯಾವ ಪ್ರಶ್ನೆಯನ್ನು ಎಸೆಯುವನೆಂದು ಯಾರಿಗೂ ಮೊದಲು ತಿಳಿದಿರುವುದಿಲ್ಲ. ವಾಲಿಯ ಪ್ರಸಂಗವನ್ನೇ ನೋಡಿರಿ. ಮರೆಯಿಂದ ಬಾಣಬಿಟ್ಟ ರಾಮನನ್ನು ವಾಲಿ ಕೇಳುವ ಪ್ರಶ್ನೆಗಳಿಗೆ ಆ ರಾತ್ರಿಯ ರಾಮನು ಆ ರಾತ್ರಿಯೇ ಉತ್ತರ ಹುಡುಕಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು (1918–2006) ವಾಲಿಯಾಗಿ ಕುಳಿತಾಗ ಎದುರಿನ ರಾಮನಿಗೆ ಅದು ಸುಲಭದ ಕೆಲಸವಾಗಿರಲಿಕ್ಕಿಲ್ಲ. ವಾಲಿಯು ಸಾಯುವುದೇನೋ ಪ್ರಸಂಗದಲ್ಲಿ ನಿಶ್ಚಿತವೇ. ವಾದದಲ್ಲಿ ಸೋಲುವುದು ಮಾತ್ರ ನಿಶ್ಚಿತವಲ್ಲ. ಇದು ಎಲ್ಲರೂ ಮೊದಲೇ ಒಪ್ಪಿ ಕುಳಿತ ಕಟ್ಟುಪಾಡು. ನಾವಾದರೋ, ಕಥೆಯು ತೆರೆದಿದೆ ಎಂದು ಮಾತುಕೊಟ್ಟು ಒಳಗಿಂದ ಅಗುಳಿ ಹಾಕಿಕೊಂಡೆವು. ಮುಗಿವು ನಿಶ್ಚಿತವಾಗಿರುವುದು ತಪ್ಪಲ್ಲ. ಅದನ್ನು ಮರೆಮಾಚುವುದು ತಪ್ಪು.

ಇಂತಹ ಆಟವನ್ನು ಸ್ವಂತವಾಗಿ ರಚಿಸಬೇಕೆನ್ನುವವರಿಗೆ ದಾಳದ ವಿಚಾರ ಒಂದಿಷ್ಟು ಹೇಳಬೇಕು. ನಾವು ಬಳಸಿದುದು ಅಂಗಡಿಯ ದಾಳವಲ್ಲ. ಚೌಕಾಬಾರಕ್ಕೆ ನಮ್ಮ ಅಜ್ಜಿಯರು ಕಲ್ಲಿನ ಮೇಲೆ ಒಂದು ಮಗ್ಗುಲು ತೇಯ್ದು ಬೆಳ್ಳಗೆ ಮಾಡುತ್ತಿದ್ದ ಹುಣಿಸೆಬೀಜಗಳು. ನಾಲ್ಕು ಬೀಜಗಳನ್ನು ಎಸೆದರೆ ಅವು ಬೀಳುವ ಬಗೆಗಳು ಹದಿನಾರು. ಎರಡು ಬಿಳಿ ಬೀಳುವುದು ಆರು ಬಗೆ. ಒಂದು ಬಿಳಿ ನಾಲ್ಕು ಬಗೆ, ಮೂರು ಬಿಳಿ ನಾಲ್ಕು ಬಗೆ. ನಾಲ್ಕೂ ಬಿಳಿಯಾಗುವುದು ಒಂದೇ ಬಗೆ, ನಾಲ್ಕೂ ಕಪ್ಪಾಗುವುದೂ ಒಂದೇ ಬಗೆ. ಆರು ಮುಖದ ಒಂದು ದಾಳದಲ್ಲಿಯಾದರೋ ಪ್ರತಿ ಅಂಕಿಯೂ ಸಮವಾಗಿ ಬೀಳುವುದು. ಆದಕಾರಣ, ಮನುಷ್ಯರು ಸಾಧಾರಣವಾಗಿ ಮಧ್ಯಮವಾಗಿ ನಡೆದುಕೊಂಡು ಅಪರೂಪಕ್ಕೆ ಅದ್ಭುತವನ್ನೋ ಅನಾಹುತವನ್ನೋ ಮಾಡುವ ಕಥೆಗೆ ಬೀಜಗಳೇ ಲೇಸು. ಎರಡು ಬಿಳಿಗೆ ಕೆಲಸ ಕೈಗೂಡುವುದೆಂದು ಇಟ್ಟರೆ ಹದಿನಾರರಲ್ಲಿ ಹನ್ನೊಂದು ಸಲ ಗೆಲುವು. ಮೂರು ಬಿಳಿ ಬೇಕೆಂದರೆ ಐದೇ ಸಲ. ಎಚ್ಚರವಾಗಿ ಕುಳಿತಿರುವುದು ಸುಲಭದ ಕೆಲಸವೋ ಕಷ್ಟದ್ದೋ ಎಂಬುದನ್ನು ಎಸೆಯುವ ಮೊದಲೇ ಎಲ್ಲರೆದುರಿಗೆ ಹೇಳಿಬಿಡಬೇಕು. ಎಸೆದ ಮೇಲೆ ಬೀಜ ಹೇಳಿದ್ದೇ ಹೇಳಿದ್ದು. ನಡೆಸುವಾಕೆಯ ಇಷ್ಟಾನಿಷ್ಟ ಅಲ್ಲಿಗೆ ನಿಂತಿತು. ಆ ಸಾಯಂಕಾಲ ನಾವು ಬೀಜವನ್ನು ಮುಟ್ಟದೆ ಹೋದುದಕ್ಕೆ ಕಾರಣವೂ ಇದೇ: ಅವು ಹುಡುಗಿಯ ಪಕ್ಷ ವಹಿಸಿಯಾವೆಂಬ ಭಯ.

ದಾಳವೆಂದೊಡನೆ ಜೂಜೆಂದು ಮುಖ ಸಿಂಡರಿಸುವ ತಂದೆತಾಯಿಗಳು ನಮ್ಮಲ್ಲಿದ್ದಾರೆ. ಅವರ ಶಂಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಮೆರಿಕಾದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು 1983ರಲ್ಲಿ ಈ ಆಟವನ್ನು ವಿರೋಧಿಸುವ ಸಂಘವನ್ನೇ ಕಟ್ಟಿದರು. ಅನೇಕ ಸಭೆಗಳೂ ಅವರ ಜೊತೆಗೂಡಿದವು. ಆ ತಾಯಿಯ ದುಃಖವು ನಿಜ. ಆದರೆ ಆಟವು ಮಕ್ಕಳನ್ನು ಸಾವಿಗೆ ನೂಕುತ್ತದೆಂಬ ಆರೋಪವು ಅನಂತರದ ವಿಚಾರಣೆಗಳಲ್ಲಿ ನಿಲ್ಲಲಿಲ್ಲ. ಇನ್ನು ಜೂಜಿನ ಮಾತು. ಪಣವಿಲ್ಲದೆ ಜೂಜಿಲ್ಲ. ಪಾತ್ರದಾಟದಲ್ಲಿ ಪಣವೂ ಇಲ್ಲ, ಒಬ್ಬರ ನಷ್ಟದಿಂದ ಇನ್ನೊಬ್ಬರಿಗೆ ಲಾಭವೂ ಇಲ್ಲ.

ಮಿಶನ್ ಶಾಲೆಯ ಇಂಗ್ಲಿಷ್ ಪಾಠದಲ್ಲಿ ಷಾರ್ಲೆಟ್ ಬ್ರಾಂಟಿಯ ಹೆಸರು ಕೇಳಿದವರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ. ಆ ಮಕ್ಕಳ ತಂದೆ ಯಾರ್ಕ್‌ಷೈರಿನ ಪಾದ್ರಿ. ಆತನು 1826ರಲ್ಲಿ ಮಗನಿಗೆಂದು ಮರದ ಸಿಪಾಯಿಗಳನ್ನು ತಂದುಕೊಟ್ಟನು. ಮೂವರು ಹುಡುಗಿಯರೂ ತಲೆಗೊಂದು ಸಿಪಾಯಿಯನ್ನು ಆರಿಸಿಕೊಂಡು ಹೆಸರಿಟ್ಟರು. ಅವರ ಆಟದಲ್ಲಿ ಸತ್ತ ಸಿಪಾಯಿಯನ್ನು ಬದುಕಿಸುವ ಅಧಿಕಾರ ದೊಡ್ಡವರಿಗೆ ಮಾತ್ರವಲ್ಲ, ನಾಲ್ವರು ಮಕ್ಕಳಿಗೂ ಇತ್ತು. ಎಮಿಲಿ ಮತ್ತು ಆನ್ ಇನ್ನೂ ಬೇರೆಯಾಗಿ ಗೊಂಡಾಲ್ ಎಂಬ ದ್ವೀಪವನ್ನು ಕಲ್ಪಿಸಿಕೊಂಡರು. 1845ರಲ್ಲಿ, ಇಪ್ಪತ್ತೈದು ದಾಟಿದ ಹೆಂಗಸರಾಗಿ ಯಾರ್ಕಿಗೆ ಪ್ರಯಾಣ ಹೋದಾಗಲೂ ಅವರಿಬ್ಬರು ದಾರಿಯುದ್ದಕ್ಕೂ ಗೊಂಡಾಲಿನ ಪಾತ್ರಗಳಾಗಿಯೇ ಮಾತನಾಡಿಕೊಂಡರೆಂದು ಎಮಿಲಿ ಬರೆದಿಟ್ಟಿದ್ದಾಳೆ. ಆ ತಂದೆಯು ಸಿಪಾಯಿಗಳನ್ನು ಕೊಟ್ಟು, ಅವು ಯಾವ ಯುದ್ಧಕ್ಕೆ ಹೋಗಬೇಕೆಂಬುದನ್ನು ಮಕ್ಕಳಿಗೇ ಬಿಟ್ಟನು. ನಾವು ಆತನಿಗಿಂತ ಹೆಚ್ಚು ಓದಿದವರೆಂದು ತಿಳಿದುಕೊಂಡಿದ್ದೇವಷ್ಟೆ.

ಆ ಹುಡುಗಿಯ ಪ್ರಶ್ನೆ ನಮ್ಮನ್ನು ಇಷ್ಟು ಕಾಡಿದುದೇಕೆಂದು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಅದನ್ನು ನಾವು ಹಿಂದೆಯೂ ಕೇಳಿದ್ದೆವು. ಅಲ್ಲ, ಕೇಳಬೇಕೆಂದಿದ್ದು ನುಂಗಿಕೊಂಡಿದ್ದೆವು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ‘ನಿನಗೆ ಏನು ಓದಬೇಕೆಂದಿದೆ?’ ಎಂದು ಪ್ರೀತಿಯಿಂದಲೇ ಕೇಳುವರು. ಸಂಬಂಧ ಬಂದಾಗ, ‘ನಿನ್ನ ಮನಸ್ಸಿನಲ್ಲಿರುವುದನ್ನು ಹೇಳಮ್ಮ’ ಎಂದೂ ಕೇಳುವರು. ಅಷ್ಟರೊಳಗೆ ಕಾಲೇಜು ಗೊತ್ತಾಗಿರುತ್ತದೆ, ಒಪ್ಪಿಗೆಯ ಮಾತೂ ಹೋಗಿರುತ್ತದೆ. ಮಗಳು ಬೇರೆ ಉತ್ತರ ಕೊಟ್ಟರೆ ಹೇಗೋ ಏನೋ ಅವಳಿಗೆ ನಿದ್ದೆ ಬಂದುಬಿಡುತ್ತದೆ, ತೂಬು ತೆರೆದುಬಿಟ್ಟಿರುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ‘ನೀವು ಹೇಳಿದ ಹಾಗೆ’ ಎನ್ನುವುದನ್ನು ಅವಳು ಕಲಿಯುತ್ತಾಳೆ. ಹಿರಿಯರು ಅದನ್ನು ವಿಧೇಯತೆಯೆಂದು ಮೆಚ್ಚಿಕೊಳ್ಳುತ್ತಾರೆ. ಹಿರಿಯರು ನಿರ್ಧರಿಸಬಾರದೆಂದು ನಾವು ಹೇಳುತ್ತಿಲ್ಲ. ನಿರ್ಧರಿಸಿಯಾಗಿದ್ದರೆ ಹಾಗೆಂದು ಹೇಳಲಿ. ಕೇಳುವುದಾದರೆ ಉತ್ತರವನ್ನು ತಾಳಿಕೊಳ್ಳುವ ಮನಸ್ಸಿಟ್ಟುಕೊಂಡು ಕೇಳಲಿ. ಈ ತಾಳ್ಮೆಯನ್ನು ಅಭ್ಯಾಸ ಮಾಡಲು ನಾಲ್ಕು ಹುಣಿಸೆಬೀಜಗಳಿಗಿಂತ ಅಗ್ಗದ ಸಾಧನವು ನಮಗೆ ತಿಳಿಯದು. ಶಾಲೆಗಳಲ್ಲಿ ಶನಿವಾರದ ಮಧ್ಯಾಹ್ನ ಒಂದು ಗಂಟೆಯನ್ನು ಇದಕ್ಕೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ನಡೆಸುವ ಕೆಲಸವನ್ನು ಸರದಿಯಂತೆ ಹುಡುಗಿಯರಿಗೇ ಒಪ್ಪಿಸಬೇಕು.

ವಾರ ಕಳೆದ ಮೇಲೆ ಅದೇ ಪಡಸಾಲೆಯಲ್ಲಿ ಅದೇ ಆರು ಮಂದಿಯನ್ನು ಕರೆದು, ನಮ್ಮ ತಪ್ಪನ್ನು ಒಪ್ಪಿಕೊಂಡು, ಆ ಎರಡು ಪುಟಗಳನ್ನು ಅವರೆದುರಿಗೇ ಹರಿದೆವು. ಕಥೆಯನ್ನು ಏರಿಯ ಮೇಲಿನ ರಾತ್ರಿಯಿಂದಲೇ ಪುನಃ ಹಿಡಿದೆವು. ನೀರುಗಂಟಿ ಬೀಜಗಳನ್ನು ಎಸೆದಳು. ಮೂರು ಬಿಳಿ ಬಿದ್ದವು. ಅವಳಿಗೆ ನಿದ್ದೆ ಬರಲಿಲ್ಲ. ಆಮೇಲೆ ವಿಧವೆಯಾಗಿದ್ದ ಹುಡುಗಿಯು, ನಾವಾರೂ ಎಣಿಸದಿದ್ದ ರೀತಿಯಲ್ಲಿ, ನೀರು ಕುರಿಗಳಿಗೂ ಬೇಕಲ್ಲವೇ ಎಂದು ತನ್ನ ಪಾಲನ್ನೇ ಕುರಿಯವಳೊಡನೆ ಗೊಬ್ಬರಕ್ಕಾಗಿ ಬದಲು ಮಾಡಿಕೊಳ್ಳಲು ಹೊರಟಳು. ಸಿರಿವಂತೆಯು ರೇಷ್ಮೆಯವಳನ್ನು ತನ್ನ ಕಡೆಗೆ ಸೆಳೆದುಕೊಂಡಳು. ಜಗಳವು ಮುಗಿಯುವ ಮೊದಲೇ ದೀಪ ಹಚ್ಚುವ ಹೊತ್ತಾಗಿ, ಮನೆಗಳಿಂದ ಕರೆ ಬಂತು. ತೂಬು ಇನ್ನೂ ಮುಚ್ಚಿಯೇ ಇದೆ. ದಸರೆಯ ರಜೆಯಲ್ಲಿ ಮುಂದಿನ ಭಾಗವನ್ನು ನಡೆಸುವವಳು ಆ ನೀರುಗಂಟಿಯೇ. ನಮಗೆ ಮಡಕೆ ಮಾಡುವವಳ ಪಾತ್ರವನ್ನು ಕೊಟ್ಟಿದ್ದಾಳೆ.