ನೋಟ್‌ಬುಕ್ಕಿನ ಮೊದಲ ಪಾಠ

ವಿಜ್ಞಾನದ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಮ್ಮ ಲೆಕ್ಕಗಳನ್ನು ಜುಪಿಟರ್ ನೋಟ್‌ಬುಕ್ಕಿನಲ್ಲಿ ಮಾಡುತ್ತಾರೆ. ವಿವರಣೆ, ಪೈಥಾನ್ ಆಜ್ಞೆ, ಉತ್ತರ, ನಕ್ಷೆ ಎಲ್ಲವನ್ನೂ ಒಂದೇ ಪುಟದಲ್ಲಿ ಒದಗಿಸುವ ಈ ಸಾಧನವು 2011ರಲ್ಲಿ ಐಪೈಥಾನ್ ನೋಟ್‌ಬುಕ್ ಎಂಬ ಹೆಸರಿನಿಂದ ಹೊರಬಂದು, 2014ರಲ್ಲಿ ಜುಪಿಟರ್ ಯೋಜನೆಗೆ ಸೇರಿತು. ಇದರ ಉಪಯುಕ್ತತೆಯ ವಿಷಯದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹೊಸಬರಿಗೆಂದು ಬರೆದ ಪಾಠಗಳಲ್ಲಿ ಹಲವು, ಯಾವ ಗುಂಡಿಯನ್ನು ಎಲ್ಲಿ ಒತ್ತಬೇಕೆಂಬುದನ್ನು ಪುಟಗಟ್ಟಲೆ ವಿವರಿಸಿ, ಮುಖ್ಯವಾದುದನ್ನೇ ಬಿಟ್ಟುಬಿಡುತ್ತವೆ.

ನಾವು ಕಾಣುವ ಪುಟ ಬೇರೆ. ಹಿಂದೆ ಕುಳಿತು ಲೆಕ್ಕಮಾಡುವ ‘ಕರ್ನಲ್’ ಬೇರೆ. ಒಂದು ಮೀಟರ್ ಉದ್ದದ ಲೋಲಕದ ಆವರ್ತಕಾಲವನ್ನು ಕಂಡುಹಿಡಿಯಬೇಕೆಂದು ಇಟ್ಟುಕೊಳ್ಳೋಣ. ಮೇಲಿನ ಸೆಲ್‌ನಲ್ಲಿ ಗುರುತ್ವದ ವೇಗೋತ್ಕರ್ಷವನ್ನು 9.8 ಎಂದು ಬರೆದು ನಡೆಸಿದರೆ ಉತ್ತರ 2.01 ಸೆಕೆಂಡು. ಚಂದ್ರನ ಮೇಲಿನ 1.62 ಅನ್ನು ಹಾಕಿದರೆ 4.94. ಬಳಿಕ ವಿದ್ಯಾರ್ಥಿಯು ಅದನ್ನು ಪುನಃ 9.8 ಎಂದು ತಿದ್ದಿ, ಆ ಸೆಲ್ಲನ್ನು ನಡೆಸದೆ ಕೆಳಗಿನದನ್ನು ಮಾತ್ರ ನಡೆಸುತ್ತಾನೆ. ಪುಟದ ಮೇಲಿರುವುದು ಭೂಮಿಯ ಅಂಕ. ಬಂದ ಉತ್ತರ ಚಂದ್ರನದು! ಕರ್ನಲಿನ ನೆನಪಿನಲ್ಲಿ 1.62 ಹಾಗೆಯೇ ಉಳಿದಿರುವುದಷ್ಟೆ. ಯಂತ್ರವು ತಕರಾರನ್ನೂ ಎತ್ತುವುದಿಲ್ಲ. ಸೆಲ್‌ನ ಪಕ್ಕದ ಆವರಣದಲ್ಲಿರುವ ಅಂಕೆಯು ಯಾವುದು ಯಾವುದರ ತರುವಾಯ ನಡೆಯಿತೆಂದು ತಿಳಿಸುವುದೇನೋ ನಿಜ. ಅದನ್ನು ನೋಡಬೇಕೆಂದು ಹುಡುಗನಿಗೆ ಹೇಳಿದವರಾರು?

ಆದುದರಿಂದ ಹೀಗೆ ಕೆಡಿಸಿದ ನೋಟ್‌ಬುಕ್ಕೊಂದನ್ನು ಮೊದಲ ಪಾಠದಲ್ಲೇ ಕೊಟ್ಟು ದೋಷವನ್ನು ಹುಡುಕಿಸಬೇಕೆಂಬುದು ನಮ್ಮ ಅಭಿಪ್ರಾಯ. ಕರ್ನಲನ್ನು ಹೊಸದಾಗಿ ಆರಂಭಿಸಿ, ಎಲ್ಲ ಸೆಲ್‌ಗಳನ್ನೂ ಮೇಲಿನಿಂದ ಕೆಳಕ್ಕೆ ನಡೆಸಿದ ಮೇಲೆಯೇ ಉತ್ತರವನ್ನು ರೆಕಾರ್ಡ್ ಪುಸ್ತಕಕ್ಕೆ ಬರೆದುಕೊಳ್ಳುವ ಅಭ್ಯಾಸವೂ ಅಂದೇ ಆರಂಭವಾಗಲಿ. ಗುಂಡಿಗಳ ಚಿತ್ರಗಳು ಬೇಕಾದರೆ ಪರಿಶಿಷ್ಟಕ್ಕೆ ಹೋಗಬಹುದು.