*ಅಯೋಡಿನ್ ಹಿಡಿಯುವ ಪುಡಿ ಬಂದಿದೆ, ನಮ್ಮ ಅಡುಗೆಮನೆಯ ಉಪ್ಪು ಮಾತ್ರ ಹಾಗೇ ಇರಲಿ*



2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಈ ಮೂವರಿಗೆ ಬಂತು. ಅವರು ಬೆಳೆಸಿದ ವಸ್ತುವಿನ ಹೆಸರು ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಚಿಕ್ಕದಾಗಿ ಮಾಫ್. ಹೆಸರು ಕೇಳಿ ಗಾಬರಿಯಾಗಬೇಡಿ. ನಿಮ್ಮ ಸೊಸೈಟಿಗೆ ಬಣ್ಣ ಹೊಡೆಯುವಾಗ ಬಿದಿರಿನ ಸಾರುವೆ ಕಟ್ಟುತ್ತಾರಲ್ಲ, ಹಾಗೆಯೇ ಇದು. ಗಂಟಿನ ಜಾಗದಲ್ಲಿ ಲೋಹ, ಬಿದಿರಿನ ಜಾಗದಲ್ಲಿ ಇಂಗಾಲದ ಅಣು, ನಡುವೆಯೆಲ್ಲ ಖಾಲಿ. ಆ ಖಾಲಿ ಜಾಗದಲ್ಲೇ ಅನಿಲ, ಕೊಳೆ, ವಿಷವಸ್ತುಗಳು ಸಿಕ್ಕಿಕೊಳ್ಳುತ್ತವೆ. 1999ರಲ್ಲಿ ಯಾಘಿ ಪ್ರಕಟಿಸಿದ ಮಾಫ್-5 ಪುಡಿ ಒಂದೆರಡು ಗ್ರಾಂ ಇದ್ದರೆ ಸಾಕು, ಅದರ ಒಳಮೈ ಫುಟ್‌ಬಾಲ್ ಮೈದಾನದಷ್ಟು!

*ಅಯೋಡಿನ್ ಮಾತು ಏಕೆ?*

ಅಣು ವಿದ್ಯುತ್ ಸ್ಥಾವರದ ಇಂಧನದಲ್ಲಿ ವಿಕಿರಣ ಸೂಸುವ ಅಯೋಡಿನ್ ಹುಟ್ಟುತ್ತದೆ. 1986ರ ಚೆರ್ನೋಬಿಲ್ ದುರಂತದಲ್ಲಿ ಅಯೋಡಿನ್-131 ಹುಲ್ಲಿನ ಮೇಲೆ ಬಿತ್ತು. ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಕ್ಕಳ ಥೈರಾಯ್ಡ್ ಗ್ರಂಥಿಗೆ ಸೇರಿತು. ಆಗ ಮಕ್ಕಳಾಗಿದ್ದ ಸಾವಿರಾರು ಜನರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ. ಅಯೋಡಿನ್-129 ಅರ್ಧವಾಗಲು 1.5 ಕೋಟಿ ವರ್ಷಕ್ಕೂ ಹೆಚ್ಚು ಬೇಕು!

ಆದ್ದರಿಂದ ಅದನ್ನು ಹಿಡಿಯಬೇಕಾದ್ದು ಚಿಮಣಿಯಲ್ಲೇ. ಈ ಕೆಲಸಕ್ಕೆ ಇದ್ದಿಲು, ಬೆಳ್ಳಿ ಬೆರೆಸಿದ ವಸ್ತುಗಳು ಮೊದಲಿನಿಂದ ಇವೆ. ಸತು ಇರುವ ಜಿಫ್-8 ಎಂಬ ಮಾಫ್ ಪ್ರಯೋಗಾಲಯದಲ್ಲಿ ತನ್ನ ತೂಕಕ್ಕಿಂತ ಹೆಚ್ಚು ಅಯೋಡಿನ್ ಹಿಡಿದು ತೋರಿಸಿದೆ. ಮುಂಬೈ ಕಡೆಯವರಿಗೆ ತಾರಾಪುರ, ಚೆನ್ನೈಯವರಿಗೆ ಕಲ್ಪಾಕ್ಕಂ ಹತ್ತಿರವೇ ಇವೆ. ಇಂಥ ಸಂಶೋಧನೆಗೆ ಸರ್ಕಾರ ಹಣ ಹಾಕಬೇಕು ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

*ಮನೆಯಲ್ಲಿ ನಾವು ಮಾಡಬೇಕಾದ್ದೇನು?*

👉 "ನೊಬೆಲ್ ಬಂದ ಫಿಲ್ಟರ್" ಎಂದು ಯಾರಾದರೂ ಬಾಗಿಲು ತಟ್ಟಿದರೆ ಮೂರು ಪ್ರಶ್ನೆ ಕೇಳಿ: ಯಾವ ಕೊಳೆ ಹಿಡಿಯುತ್ತದೆ? ಎಷ್ಟು ಲೀಟರ್‌ವರೆಗೆ? ತುಂಬಿದ ಮೇಲೆ ಏನು ಮಾಡಬೇಕು? ಉತ್ತರ ಬರದಿದ್ದರೆ ಹಣ ಕೊಡಬೇಡಿ. ಎಲ್ಲ ಮಾಫ್‌ಗಳೂ ನೀರಿನಲ್ಲಿ ಬಾಳುವುದಿಲ್ಲ. ಮಾಫ್-5 ತೇವದ ಗಾಳಿಗೇ ಹಾಳಾಗುತ್ತದೆ.

👉 ನಿಮ್ಮ ವಾಟರ್ ಫಿಲ್ಟರ್‌ನಲ್ಲಿರುವ ಕಾರ್ಬನ್ ಕೂಡ ಹೀಗೆಯೇ ಸಣ್ಣ ರಂಧ್ರಗಳಲ್ಲಿ ಕೊಳೆ ಹಿಡಿಯುತ್ತದೆ. ಹಿಡಿಯುವ ವಸ್ತು ಎಷ್ಟೇ ಒಳ್ಳೆಯದಿದ್ದರೂ ಒಂದು ದಿನ ತುಂಬಲೇಬೇಕು. ತುಂಬಿದ ಕಾರ್ಬನ್ ಇದ್ದೂ ಇಲ್ಲದಂತೆ. ಹೊಸ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಹಳೆಯ ಕಾರ್ಟ್ರಿಜ್ ಬದಲಿಸಿದ ತಾರೀಖು ನೋಡಿ.

👉 "ಅಯೋಡಿನ್ ವಿಷ, ಅಯೋಡಿನ್ ಉಪ್ಪು ಬಿಡಿ" ಎಂಬ ಮೆಸೇಜ್ ನಂಬಬೇಡಿ. ವಿಷವಾದದ್ದು ವಿಕಿರಣದ ಅಯೋಡಿನ್. ಉಪ್ಪಿನಲ್ಲಿರುವ ಅಯೋಡಿನ್‌ಗೆ ವಿಕಿರಣವಿಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250 ಮೈಕ್ರೋಗ್ರಾಂ ಬೇಕೇ ಬೇಕು. ಕಡಿಮೆಯಾದರೆ ಗಳಗಂಡ ಬರಬಹುದು, ಹುಟ್ಟುವ ಮಗುವಿನ ಬುದ್ಧಿ ಬೆಳವಣಿಗೆಗೂ ಪೆಟ್ಟು. ಹಾಗೆಂದು ಉಪ್ಪು ಜಾಸ್ತಿ ತಿನ್ನಬೇಡಿ. ತಿನ್ನುವಷ್ಟು ಉಪ್ಪು ಅಯೋಡಿನ್ ಇರುವುದೇ ಆಗಿರಲಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಏನನ್ನೂ ಬದಲಿಸಬೇಡಿ.

ಚಿಮಣಿಯ ಅಯೋಡಿನ್ ಹಿಡಿಯುವುದು ವಿಜ್ಞಾನಿಗಳ ಕೆಲಸ. ಉಪ್ಪಿನ ಅಯೋಡಿನ್ ಉಳಿಸಿಕೊಳ್ಳುವುದು ನಮ್ಮ ಕೆಲಸ.

ಊರಿನಲ್ಲಿರುವ ಅಪ್ಪ-ಅಮ್ಮನಿಗೂ, ನಿಮ್ಮ ಕನ್ನಡ ಸಂಘದ ಗ್ರೂಪಿಗೂ ಇದನ್ನು ಕಳುಹಿಸಿ. ಆರೋಗ್ಯವಾಗಿರಿ.